ಚೂರುಗಳು ಕೂಡಿಕೊಂಡಾಗ

ಅಂತರ್ಜಾಲದಲ್ಲಿ ತಮ್ಮ ಬಗ್ಗೆ ಏನೇನಿದೆ ಎಂದು ನೋಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ತಮ್ಮದೇ ಫೇಸ್‌ಬುಕ್ ಪುಟದಿಂದ ಶುರುಮಾಡುತ್ತಾರೆ. ಒಂದೆರಡು ಹಳೆಯ ಫೋಟೊ ಅಳಿಸಿ, ಪಾಸ್‌ವರ್ಡ್ ಬದಲಿಸಿ, ಕೆಲಸ ಮುಗಿಯಿತೆಂದು ಸುಮ್ಮನಾಗುತ್ತಾರೆ. ಆದರೆ ನಮ್ಮ ಡಿಜಿಟಲ್ ಹೆಜ್ಜೆಗುರುತಿನಲ್ಲಿ ನಾವೇ ಹಾಕಿದ್ದು ಒಂದು ಪಾಲು ಮಾತ್ರ. ನೆಂಟರಿಷ್ಟರು, ಸರ್ಕಾರಿ ಕಚೇರಿಗಳು, ಬ್ಯಾಂಕುಗಳು, ಫೋನಿನ ಆ್ಯಪ್‌ಗಳು ಹಾಕಿದ್ದೂ ಅದರಲ್ಲಿ ಸೇರಿದೆ. ಬಿಡಿಬಿಡಿಯಾಗಿದ್ದಾಗ ಈ ಚೂರುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಒಂದಕ್ಕೊಂದು ಕೂಡಿಕೊಂಡಾಗ ಅಪಾಯ ಹುಟ್ಟುತ್ತದೆ. ಹಾಗೆ ಕೂಡಿಸುವುದು ದೊಡ್ಡ ನಗರಕ್ಕಿಂತ ಕೊಡಗಿನಂಥ ಕಡೆ ಬಹಳ ಸುಲಭ. ಆದ್ದರಿಂದ ಪರೀಕ್ಷೆಯನ್ನು ‘ನಾನು ಏನು ಹಾಕಿದ್ದೇನೆ’ ಎಂಬಲ್ಲಿಂದಲ್ಲ, ‘ಯಾವುದರ ಜೊತೆ ಯಾವುದು ಸೇರಿದರೆ ನಾನು ಸಿಕ್ಕಿಬೀಳುತ್ತೇನೆ’ ಎಂಬಲ್ಲಿಂದ ಶುರುಮಾಡಬೇಕು.

2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ರಾಜ್ಯದ ಜಿಲ್ಲೆಗಳಲ್ಲೇ ಅತಿ ಕಡಿಮೆ. 2020ರ ಮಾರ್ಚ್‌ನಲ್ಲಿ ಇಲ್ಲಿ ಮೊದಲ ಕೊರೊನಾ ಪ್ರಕರಣ ಪತ್ತೆಯಾದ ಹೊತ್ತಿನಲ್ಲಿ, ಆರೋಗ್ಯ ಇಲಾಖೆಯ ದಿನದ ಪ್ರಕಟಣೆಯಲ್ಲಿ ಸೋಂಕಿತರ ಹೆಸರಿರುತ್ತಿರಲಿಲ್ಲ. ಒಂದು ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಯಾವ ಜಿಲ್ಲೆ, ಎಲ್ಲಿಂದ ಬಂದವರು, ಇಷ್ಟೇ. ಬೆಂಗಳೂರಿನಲ್ಲಿ ಇಷ್ಟರಿಂದ ಒಬ್ಬರನ್ನು ಗುರುತಿಸುವುದು ಕಷ್ಟ. ಆ ವಾರ ವಿದೇಶದಿಂದ ಬಂದ, ಇಷ್ಟು ವಯಸ್ಸಿನ ವ್ಯಕ್ತಿ ಎಂದರೆ ಕೊಡಗಿನ ಹಳ್ಳಿಯಲ್ಲಿ ನೋಡಬೇಕಾದ ಮನೆ ಒಂದೋ ಎರಡೋ. ಅದೇ ತಿಂಗಳು ಹೋಂ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೂ ರಾಜ್ಯ ಸರ್ಕಾರ ಪ್ರಕಟಿಸಿತು. ಹೆಸರು ಮರೆಮಾಡಿದರೆ ಸಾಕು ಎಂಬ ನಂಬಿಕೆ ಚಿಕ್ಕ ಊರಿನಲ್ಲಿ ನಿಲ್ಲುವುದಿಲ್ಲ.

ಇನ್ನು ಹೆಸರೇ ಸಿಕ್ಕರಂತೂ ಕೇಳುವುದೇ ಬೇಡ. ಕೊಡವರ ಹೆಸರಿನ ಮುಂದೆ ಮನೆಪೆದ, ಅಂದರೆ ಒಕ್ಕದ (ಮನೆತನದ) ಹೆಸರು ಇರುತ್ತದೆ. ಅದು ಗೊತ್ತಾದರೆ ಮೂಲದ ಊರು ಗೊತ್ತಾದಂತೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿಯಲ್ಲಿ ತಂಡಗಳು ಆಡುವುದೇ ಈ ಹೆಸರುಗಳಲ್ಲಿ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಹೆಸರು ಕೊಟ್ಟಿದ್ದವು. ಅಭಿಮಾನಪಡುವ ಸಂಗತಿ, ಮುಚ್ಚಿಡಬೇಕಾದದ್ದಲ್ಲ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮದುವೆ ಕರೆಯೋಲೆಯನ್ನೋ ಮರಣದ ಸುದ್ದಿಯನ್ನೋ ಒಮ್ಮೆ ಹೊರಗಿನವರ ಕಣ್ಣಿನಿಂದ ನೋಡಿ. ಒಕ್ಕದ ಹೆಸರು, ತಂದೆತಾಯಿಯರ ಹೆಸರು, ಊರು, ಎಷ್ಟೋ ಸಲ ಫೋನ್ ನಂಬರು, ಜೊತೆಗೆ ತಾಮನೆ, ಅಂದರೆ ತಾಯಿಯ ತವರು ಯಾವುದೆಂಬುದೂ ಅಲ್ಲಿರುತ್ತದೆ. ಪಾಸ್‌ವರ್ಡ್ ಮರೆತಾಗ ಕೇಳುವ ಹಳೆಯ ಪ್ರಶ್ನೆಗಳಲ್ಲಿ ತಾಯಿಯ ಮದುವೆಗೆ ಮುಂಚಿನ ಮನೆತನ ಯಾವುದು ಎಂಬುದೂ ಒಂದು. ಆ ಗುಟ್ಟು ಇಲ್ಲಿ ಕರೆಯೋಲೆಯಲ್ಲೇ ಅಚ್ಚಾಗಿದೆ. ಅಂಥ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕೆಂಬ ನಿಯಮವೇನೂ ಇಲ್ಲ. ನಿಮಗೆ ಮಾತ್ರ ಗೊತ್ತಿರುವ ಬೇರೊಂದು ಪದವನ್ನೇ ಕೊಡಿ.

ಚೂರುಗಳು ಕೂಡಿದರೆ ಏನಾಗುತ್ತದೆಂಬುದಕ್ಕೆ ರಾಜ್ಯವೇ 2023ರಲ್ಲಿ ಸಾಕ್ಷಿಯಾಯಿತು. ಆಸ್ತಿ ನೋಂದಣಿ ಮಾಡಿಸಿಕೊಂಡವರ ಖಾತೆಯಿಂದ ಅವರಿಗೆ ತಿಳಿಯದೆಯೇ ಹಣ ಹೋದ ದೂರುಗಳು ಬೆಂಗಳೂರು, ಮಂಗಳೂರುಗಳಲ್ಲಿ ಪೊಲೀಸರ ಮುಂದೆ ಬಂದವು. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕಿತ್ತು, ಒಟಿಪಿ ಬೇಕಿರಲಿಲ್ಲ. ಕ್ರಯಪತ್ರದ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಇಂಥ ಪತ್ರಗಳನ್ನು ಇಳಿಸಿಕೊಂಡು, ಗುರುತಿನಿಂದ ನಕಲಿ ಬೆರಳಚ್ಚು ಮಾಡಿ ಹಣ ತೆಗೆದಿದ್ದಾರೆಂದು ತನಿಖೆ ಹೇಳಿತು. ಆಮೇಲೆ ಬೆರಳಚ್ಚನ್ನು ಮರೆಮಾಡುವ ಕ್ರಮಗಳು ಬಂದವು. ಕಳಕೊಂಡವರು ಯಾವ ಲಿಂಕನ್ನೂ ಒತ್ತಿರಲಿಲ್ಲ. ಎಷ್ಟೇ ಎಚ್ಚರದಿಂದ ಫೇಸ್‌ಬುಕ್ ಬಳಸಿದ್ದರೂ ಇದು ತಪ್ಪುತ್ತಿರಲಿಲ್ಲ. ತಪ್ಪಿಸಬಹುದಾಗಿದ್ದದ್ದು ಆಧಾರ್‌ನ ಬಯೊಮೆಟ್ರಿಕ್ ಲಾಕ್: ಎಂಆಧಾರ್ ಆ್ಯಪ್‌ನಲ್ಲಿ ಅದನ್ನು ಹಾಕಿಟ್ಟು, ಬೇಕಾದಾಗ ಮಾತ್ರ ತೆಗೆಯಬಹುದು. ಆಧಾರನ್ನು ಎಲ್ಲೆಲ್ಲಿ ಬಳಸಲಾಗಿದೆ ಎಂಬ ಕಳೆದ 6 ತಿಂಗಳ ದಾಖಲೆಯೂ ಅಲ್ಲೇ ಸಿಗುತ್ತದೆ.

ಇಷ್ಟೆಲ್ಲ ಎಚ್ಚರ ಬೇಕೆಂಬ ಮಾತಿಗೆ ಎರಡು ಆಕ್ಷೇಪಗಳಿವೆ, ಎರಡೂ ತಳ್ಳಿಹಾಕುವಂಥವಲ್ಲ. ನಮ್ಮಲ್ಲಿ ಮೊದಲಿಂದಲೂ ಎಲ್ಲರ ಮನೆ ವಿಚಾರ ಎಲ್ಲರಿಗೂ ಗೊತ್ತು, ಈಗೇನು ಹೊಸದು ಎಂಬುದು ಮೊದಲನೆಯದು. ಹೊಸದು ಇದೆ. ಊರಿನವರಿಗೆ ನಮ್ಮ ವಿಚಾರ ಗೊತ್ತಿದ್ದರೆ ಅವರದ್ದೂ ನಮಗೆ ಗೊತ್ತಿರುತ್ತದೆ, ದುರುಪಯೋಗ ಮಾಡಿಕೊಂಡವರು ನಾಳೆ ಸಂತೆಯಲ್ಲಿ ಎದುರಾಗುತ್ತಾರೆ. ಸಾವಿರ ಕಿಲೋಮೀಟರ್ ಆಚೆ ಕುಳಿತು ನಮ್ಮ ಪತ್ರ ಇಳಿಸಿಕೊಂಡವನಿಗೆ ಆ ಹಂಗಿಲ್ಲ. ದಾಖಲೆಗಳು ಬಹಿರಂಗವಾಗಿದ್ದರೆ ತಾನೇ ಮೋಸ ತಪ್ಪುವುದು ಎಂಬುದು ಎರಡನೆಯ ಆಕ್ಷೇಪ. ನಿಜ. ಸರ್ಕಾರದ ಭೂದಾಖಲೆಗಳ ಜಾಲತಾಣ ‘ಭೂಮಿ’ಯಲ್ಲಿ ಯಾರು ಬೇಕಾದರೂ ಪಹಣಿ ನೋಡಬಹುದಾದ್ದರಿಂದ ದಾಖಲೆಯನ್ನು ಗುಟ್ಟಾಗಿ ತಿದ್ದುವುದು ಕಷ್ಟವಾಗಿದೆ, ಕೊಡಗಿನ ವಂಶಪಾರಂಪರ್ಯ ಜಮ್ಮಾ ಜಾಗದಂಥ ಜಟಿಲ ಹಕ್ಕುಗಳಿರುವ ಕಡೆ ಇದು ಬೇಕೇ ಬೇಕು. ಆದರೆ ಜಮೀನು ಯಾರದ್ದೆಂದು ತಿಳಿಯಲು ಅವರ ಹೆಬ್ಬೆಟ್ಟು ನೋಡಬೇಕಿಲ್ಲ.

ಕಾನೂನು ಇದೆಯಲ್ಲ ಎನ್ನಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹಾಕಿದ ಅರ್ಜಿಯಿಂದಲೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಆದರೆ ಆ ಕಾಯ್ದೆ ನಾವಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅನ್ವಯಿಸುವುದಿಲ್ಲ. ಯಾರಾದರೂ ಮನೆಬಳಕೆಗೆಂದು ಇಟ್ಟುಕೊಂಡದ್ದಕ್ಕೂ ಇಲ್ಲ. ಕರೆಯೋಲೆಯನ್ನು ಗ್ರೂಪಿನಿಂದ ಗ್ರೂಪಿಗೆ ದಾಟಿಸುವ ನೆಂಟರನ್ನು ಕಾಯ್ದೆ ಕೇಳುವುದಿಲ್ಲ, ನಾವೇ ಹೇಳಬೇಕು.

ಇಷ್ಟು ಹೇಳಿದ ಮೇಲೆ ಕೊಡಗಿನ ಹೋಂಸ್ಟೇಗಳ ಮಾತು ಬಿಡುವಂತಿಲ್ಲ, ಏಕೆಂದರೆ ಬೇರೆಯವರ ಚೂರುಗಳು ನಮ್ಮ ಕೈಯಲ್ಲಿರುವುದು ಅಲ್ಲೇ. ಅತಿಥಿಗಳು ಬರುವ ಮುಂಚೆಯೇ ಆಧಾರ್‌ನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್‌ನ ಜೆರಾಕ್ಸ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆಂದು ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಮಾಸ್ಕ್ಡ್ ಆಧಾರ್ ಮಾತ್ರ ಈಗಲೂ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ; ಅದನ್ನೇ ಕಳಿಸಿ ಎಂದು ಬುಕಿಂಗ್ ಮಾಡುವಾಗಲೇ ಅತಿಥಿಗೆ ಹೇಳಬಹುದು. ಈಗಾಗಲೇ ಬಂದು ಬಿದ್ದಿರುವ ಫೋಟೊಗಳನ್ನು ಚಾಟ್‌ನಿಂದ ಅಳಿಸಿದರೆ ಸಾಲದು: ಒಂದು ಪ್ರತಿ ಫೋನಿನ ಗ್ಯಾಲರಿಯಲ್ಲಿ ಉಳಿದಿರಬಹುದು, ಬ್ಯಾಕಪ್ ಚಾಲೂ ಇದ್ದರೆ ಇನ್ನೊಂದು ಗೂಗಲ್ ಫೋಟೋಸ್‌ನಲ್ಲಿ, ಅಲ್ಲಿಂದ ಅಳಿಸಿದರೂ ಸ್ವಲ್ಪ ಕಾಲ ಅದರದೇ ಕಸದಬುಟ್ಟಿಯಲ್ಲಿ.