ಕೃಷಿ ಹೊಂಡದ ಮೀನು ಮತ್ತು ಕೀಟನಾಶಕ: ಬಾಟಲಿಯ ತ್ರಿಕೋನ ತಿಳಿಸದ ಅಪಾಯ

ಕೃಷಿ ಹೊಂಡ ನಿರ್ಮಿಸಿಕೊಂಡ ರೈತರಲ್ಲಿ ಹಲವರು ಅದರಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮೀನಿನ ಮರಿಗಳನ್ನು ಬಿಟ್ಟು ಸಾಕುತ್ತಿದ್ದಾರೆ. ಬೆಳೆಗೆ ಸಿಂಪಡಿಸುವ ಔಷಧವನ್ನು ಬೆರೆಸಲು ಅದೇ ಹೊಂಡದ ನೀರನ್ನು ಬಳಸುತ್ತಾರೆ. ಎರಡೂ ಕೆಲಸಗಳು ಒಂದೇ ದಂಡೆಯ ಮೇಲೆ ನಡೆಯುವುದೇ ತೊಂದರೆಯ ಮೂಲ.

ಕೆಲವು ವರ್ಷಗಳ ಹಿಂದೆ ತೊಗರಿ ಬೆಳೆಗಾರರೊಬ್ಬರು ತಮ್ಮ ಹೊಂಡಕ್ಕೆ ಯಾರೋ ವಿಷ ಹಾಕಿದ್ದಾರೆಂದು ಶಂಕಿಸಿ ನನ್ನನ್ನು ಕರೆಸಿದ್ದರು. ಹತ್ತು ತಿಂಗಳು ಸಾಕಿದ ಮೀನು ಒಂದೇ ರಾತ್ರಿಯಲ್ಲಿ ತೇಲಿತ್ತು. ನೆರೆಹೊರೆಯವರ ಮೇಲೆ ದೂರು ಕೊಡುವ ಮಾತೂ ನಡೆದಿತ್ತು. ದಂಡೆಯ ಮೇಲೆ ಸೈಪರ್‌ಮೆಥ್ರಿನ್‌ನ ಎರಡು ಖಾಲಿ ಬಾಟಲಿಗಳು ಬಿದ್ದಿದ್ದವು. ವಿಚಾರಿಸಿದಾಗ, ಹಿಂದಿನ ಸಂಜೆ ಕಾಯಿಕೊರಕದ ಸಿಂಪರಣೆ ಮುಗಿಸಿ ಬಾಟಲಿಗಳನ್ನೂ ಸಿಂಪರಣಾ ಯಂತ್ರವನ್ನೂ ಹೊಂಡದಲ್ಲಿಯೇ ತೊಳೆದದ್ದು ತಿಳಿಯಿತು. ‘ಅಷ್ಟೊಂದು ನೀರಿಗೆ ಅಷ್ಟು ಔಷಧ ಏನು ಮಾಡೀತು’ ಎಂಬುದು ಅವರ ಪ್ರಾಮಾಣಿಕ ಪ್ರಶ್ನೆಯಾಗಿತ್ತು.

ಲೆಕ್ಕ ಮಾಡಿ ನೋಡೋಣ. ಸೈಪರ್‌ಮೆಥ್ರಿನ್ ಶೇ. 10 ಇ.ಸಿ. ಔಷಧದ 1 ಮಿ.ಲೀ.ನಲ್ಲಿ 100 ಮಿ.ಗ್ರಾಂ ಮೂಲವಿಷವಿರುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹೊಂಡದಲ್ಲಿ ಸರಾಸರಿ ಒಂದು ಮೀಟರ್ ನೀರಿದ್ದರೆ ಅದು 1 ಲಕ್ಷ ಲೀಟರ್. ಆ 1 ಮಿ.ಲೀ. ಅಷ್ಟೂ ನೀರಿನಲ್ಲಿ ಬೆರೆತರೆ ಪ್ರತಿ ಲೀಟರಿಗೆ 1 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಂನ ಹತ್ತು ಲಕ್ಷದ ಒಂದು ಭಾಗವಾಗುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಹಲವು ಜಾತಿಯ ಮೀನುಗಳು ಲೀಟರಿಗೆ ಒಂದೆರಡು ಮೈಕ್ರೊಗ್ರಾಂ ಪ್ರಮಾಣದಲ್ಲಿಯೇ ನಾಲ್ಕು ದಿನಗಳೊಳಗೆ ಅರ್ಧದಷ್ಟು ಸಾಯುತ್ತವೆ. ಖಾಲಿಯಾಯಿತೆಂದು ಎಸೆಯುವ ಬಾಟಲಿಯ ಒಳಮೈಗೆ ಅಂಟಿಕೊಂಡ ಔಷಧವೇ ಇದಕ್ಕೆ ಸಾಕಾಗಬಹುದು. ಮಣ್ಣಿನ ತಳವಿರುವ ಕೆರೆಯಲ್ಲಿ ಔಷಧದ ಬಹುಭಾಗ ಹೂಳಿಗೆ ಅಂಟಿಕೊಂಡು ತೀವ್ರತೆ ತಗ್ಗುತ್ತದೆ. ಪಾಲಿಥೀನ್ ಹಾಳೆ ಹೊದಿಸಿದ ಹೊಂಡದಲ್ಲಿ ಹೂಳು ಕಡಿಮೆಯಾದ್ದರಿಂದ ಈ ರಕ್ಷಣೆಯೂ ಕಡಿಮೆ.

ಬಾಟಲಿಯ ಮೇಲಿನ ತ್ರಿಕೋನದ ಬಣ್ಣವನ್ನು ನೋಡಿ ಔಷಧದ ವಿಷತ್ವವನ್ನು ಅಳೆಯುವುದು ನಮ್ಮ ರೈತರಿಗೆ ಅಭ್ಯಾಸವಾಗಿದೆ. ವಿಸ್ತರಣಾ ಕಾರ್ಯಕರ್ತರಾದ ನಾವೇ ಅದನ್ನು ಕಲಿಸಿದ್ದೇವೆ. ಆದರೆ ಕೆಂಪು, ಹಳದಿ, ನೀಲಿ, ಹಸಿರು ಎಂಬ ಈ ವಿಂಗಡಣೆ ಇಲಿಯಂತಹ ಸಸ್ತನಿಗಳ ಮೇಲಿನ ಪರಿಣಾಮವನ್ನು ಆಧರಿಸಿದೆ. ಅದು ಸಿಂಪಡಿಸುವವನ ಸುರಕ್ಷತೆಗಾಗಿ ಇರುವ ಗುರುತು. ಮೀನಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್ ಮುಂತಾದ ಪೈರೆಥ್ರಾಯ್ಡ್ ಗುಂಪಿನ ಔಷಧಗಳನ್ನು ನಮ್ಮ ಯಕೃತ್ತು ಬೇಗನೆ ಒಡೆದು ಹೊರಹಾಕುತ್ತದೆ. ಮೀನಿನ ದೇಹಕ್ಕೆ ಆ ವೇಗವಿಲ್ಲ. ಮೇಲಾಗಿ, ಕಿವಿರುಗಳ ಮೂಲಕ ಹಾಯುವ ನೀರಿನಿಂದ ವಿಷವು ನೇರವಾಗಿ ರಕ್ತಕ್ಕೆ ಸೇರುತ್ತದೆ. ನೀರು ತಣ್ಣಗಿದ್ದಷ್ಟೂ ಈ ಗುಂಪಿನ ವಿಷತ್ವ ಹೆಚ್ಚು. ಚಳಿಗಾಲದ ಸಿಂಪರಣೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ಬತ್ತದ ಗದ್ದೆಯಲ್ಲಂತೂ ಈ ಔಷಧಗಳನ್ನು ಬಳಸಿದರೆ ಕಂದು ಜಿಗಿಹುಳುವಿನ ಬಾಧೆ ಮರುಕಳಿಸುವುದುಂಟು. ಮೀನಿಗೂ ಕೆಡುಕು, ಬೆಳೆಗೂ ನಷ್ಟ.

ಇಮಿಡಾಕ್ಲೋಪ್ರಿಡ್ ಮೀನನ್ನು ನೇರವಾಗಿ ಕೊಲ್ಲುವುದು ಅಪರೂಪ. ಆದರೆ ಮೀನಿನ ಆಹಾರವಾದ ನೀರಿನ ಕೀಟಗಳನ್ನು ಅದು ನಾಶಮಾಡುತ್ತದೆ.

ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರು ಬೋರ್ಡೊ ದ್ರಾವಣದ ಬಗ್ಗೆ ವಿಶೇಷವಾಗಿ ಗಮನಿಸಬೇಕು. ಶೇ. 1ರ ದ್ರಾವಣದ 100 ಲೀಟರಿನಲ್ಲಿ 1 ಕಿ.ಗ್ರಾಂ ಮೈಲುತುತ್ತ, ಅಂದರೆ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ತಾಮ್ರವು ಕಿವಿರುಗಳನ್ನು ಹಾಳುಮಾಡುತ್ತದೆ. ನೀರು ಮೆದುವಾಗಿದ್ದಷ್ಟೂ ಅದರ ಹಾನಿ ಹೆಚ್ಚು. ಆ ಭಾಗದ ಮಳೆನೀರಿನ ಹೊಂಡ, ತೋಡು, ಬಾವಿಗಳ ನೀರು ಬಹುಮಟ್ಟಿಗೆ ಮೆದುವೇ. ದ್ರಾವಣ ತಯಾರಿಸುವ ಡ್ರಮ್ಮನ್ನು ನೀರಿನ ಬದಿಯಲ್ಲಿಡುವ ವಾಡಿಕೆಯನ್ನು ಬಿಡಬೇಕು. ಉಳಿದ ದ್ರಾವಣವನ್ನು ತೋಡಿಗೆ ಚೆಲ್ಲದೆ ತೋಟದಲ್ಲಿಯೇ ಸಿಂಪಡಿಸಿ ಮುಗಿಸಬೇಕು.

ಸಸ್ಯಜನ್ಯವಾದುದೆಲ್ಲ ನಿರಪಾಯವೆಂಬ ನಂಬಿಕೆಯೂ ಸರಿಯಲ್ಲ. ಮೀನು ಸಾಕಣೆಗೆ ಮೊದಲು ಕೆರೆಯಲ್ಲಿನ ಬೇಡದ ಮೀನುಗಳನ್ನು ಕೊಲ್ಲಲು ಬಳಸುವುದು ಹಿಪ್ಪೆ ಹಿಂಡಿಯನ್ನೇ. ಹೊಂಡದ ಸುತ್ತಲಿನ ಗಿಡಗಳಿಗೆ ಹಿಪ್ಪೆ ಹಿಂಡಿ ಹಾಕಿದವರು ಮಳೆನೀರು ಅದನ್ನು ಹೊಂಡಕ್ಕೆ ತೊಳೆದೊಯ್ಯದಂತೆ ನೋಡಿಕೊಳ್ಳಬೇಕು.

ಸಿಂಪರಣೆಯ ದಿನ ಹೊಂಡದ ನೀರನ್ನು ಬಕೆಟ್ಟಿನಲ್ಲಿ ದೂರ ಒಯ್ದು, ಹೊಂಡಕ್ಕಿಂತ ತಗ್ಗಿನ ಜಾಗದಲ್ಲಿ ಔಷಧ ಬೆರೆಸಿರಿ. ನೀರು ಸೇದುವ ಬಕೆಟ್ಟು ಔಷಧ ಮುಟ್ಟಿರಬಾರದು. ಬಾಟಲಿಯನ್ನು ಮೂರು ಬಾರಿ ತೊಳೆದು, ಆ ನೀರನ್ನೂ ಸಿಂಪರಣಾ ಯಂತ್ರಕ್ಕೇ ಸುರಿದು ಬೆಳೆಗೆ ಬಳಸಿರಿ. ಗಾಳಿ ಹೊಂಡದ ಕಡೆ ಬೀಸುತ್ತಿದ್ದರೆ ಅಥವಾ ಮಳೆಯ ಮುನ್ಸೂಚನೆಯಿದ್ದರೆ ಸಿಂಪರಣೆಯನ್ನು ಮುಂದೂಡಿರಿ. ಹೊಂಡದ ಅಂಚಿನ ಕೆಲವು ಸಾಲುಗಳಿಗೆ ಔಷಧ ಹಾಕದೆ ಬಿಡುವುದು ಲೇಸು. ಆ ಸಾಲುಗಳ ನಷ್ಟ ಮೀನಿನ ನಷ್ಟಕ್ಕಿಂತ ಚಿಕ್ಕದು. ಬ್ಯುಟಾಕ್ಲೋರ್‌ನಂತಹ ಕಳೆನಾಶಕ ಹಾಕಿದ ಗದ್ದೆಯ ನೀರನ್ನು ಒಂದು ವಾರ ಹೊರಗೆ ಬಿಡಬೇಡಿರಿ.

ಮೀನು ತೇಲಿದಾಗಲೆಲ್ಲ ಔಷಧವನ್ನೇ ದೂರಬೇಕಿಲ್ಲ. ಆಮ್ಲಜನಕದ ಕೊರತೆಯಾದರೆ ಮೀನುಗಳು ಬೆಳಗಿನ ಜಾವ ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ, ದೊಡ್ಡವು ಮೊದಲು ಸಾಯುತ್ತವೆ, ಬಿಸಿಲೇರಿದಂತೆ ಉಳಿದವು ಚೇತರಿಸಿಕೊಳ್ಳುತ್ತವೆ. ಕೀಟನಾಶಕವಾದರೆ ದಿನದ ಯಾವ ಹೊತ್ತಿನಲ್ಲಾದರೂ ಮೀನುಗಳು ತೋಲ ತಪ್ಪಿ ಸುತ್ತುತ್ತವೆ, ಮರಿಗಳು ಮೊದಲು ಸಾಯುತ್ತವೆ, ನೀರಿನ ಹುಳುಗಳೂ ಸತ್ತಿರುತ್ತವೆ. ಆಗ ಹೊರಗಿನಿಂದ ಬರುವ ನೀರನ್ನು ತಡೆದು, ಬದುಕಿರುವ ಮೀನನ್ನು ಶುದ್ಧ ನೀರಿಗೆ ಸಾಗಿಸಿ, ಸಾಧ್ಯವಾದಷ್ಟು ಹೊಸ ನೀರು ತುಂಬಿಸಬೇಕು. ಸತ್ತ ಮೀನನ್ನು ತಿನ್ನಬಾರದು, ಮಾರಬಾರದು, ಹೂಳಬೇಕು. ಸ್ವಚ್ಛವಾದ ಗಾಜಿನ ಬಾಟಲಿಯಲ್ಲಿ ಹೊಂಡದ ನೀರನ್ನು ಅಂದೇ ತುಂಬಿ, ತಂಪಾದ ಕತ್ತಲ ಜಾಗದಲ್ಲಿಟ್ಟು, ಮೀನುಗಾರಿಕೆ ಇಲಾಖೆಗೆ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿರಿ.

ಮನೆಯ ಗಾಜಿನ ತೊಟ್ಟಿಯಲ್ಲಿ ಮಕ್ಕಳು ಸಾಕಿದ ಮೀನಿಗೂ, ಸೊಳ್ಳೆ ಮರಿ ತಿನ್ನಲೆಂದು ನೀರಿನ ತೊಟ್ಟಿಗೆ ಬಿಟ್ಟ ಗಪ್ಪಿಗೂ ಇದೇ ಅಪಾಯವಿದೆ. ಸೊಳ್ಳೆ ಓಡಿಸಲು ವಿದ್ಯುತ್ತಿನಿಂದ ಆವಿಯಾಗಿಸುವ ದ್ರವಗಳಲ್ಲಿಯೂ ಜಿರಲೆಗೆ ಹೊಡೆಯುವ ಅನೇಕ ಸಿಂಪರಣೆಗಳಲ್ಲಿಯೂ ಇರುವುದು ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕವೇ. ತೊಟ್ಟಿಯ ಗಾಳಿಯಂತ್ರವು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತದೆ. ಔಷಧ ಹೊಡೆಯುವ ಮೊದಲು ಆ ಯಂತ್ರವನ್ನು ನಿಲ್ಲಿಸಿ, ತೊಟ್ಟಿಯನ್ನು ಮುಚ್ಚಿರಿ. ಕೋಣೆಯ ಗಾಳಿ ಪೂರ್ತಿ ತಿಳಿಯಾದ ಮೇಲೆಯೇ ಮತ್ತೆ ಚಾಲನೆ ಮಾಡಿರಿ. ಮೀನು ಹೆಚ್ಚಿರುವ ತೊಟ್ಟಿಯಾದರೆ ಅದನ್ನು ಮೊದಲೇ ಬೇರೆ ಕೋಣೆಗೆ ಸಾಗಿಸುವುದು ಸುರಕ್ಷಿತ.