ಅರವತ್ತರ ಮೇಲೆ ಅಂಜನೇರಿ

ನಾಶಿಕದಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಗುಡ್ಡಗಳ ಬರವಿಲ್ಲ. ಗಚ್ಚಿಯ ಮೇಲೆ ಸಂಡಿಗೆ ಒಣಹಾಕಲು ಹೋದರೂ ಸಾಕು, ಪಡುವಣದಲ್ಲಿ ತ್ರ್ಯಂಬಕದ ಕಡೆಯ ಬೆಟ್ಟಸಾಲು ಕಣ್ಣಿಗೆ ಬೀಳುತ್ತದೆ. ಮೂವತ್ತು ವರ್ಷ ನಾವು ಅದನ್ನು ಹೀಗೆ ಗಚ್ಚಿಯಿಂದಲೇ ನೋಡಿದೆವು. ಸಾತಪೂರ, ಅಂಬಡಗಳ ಕಾರಖಾನೆಯ ಪಾಳಿ, ಮಕ್ಕಳ ಶಾಲೆ, ಊರಿನಿಂದ ಬಂದ ಬೀಗರನ್ನು ಪಂಚವಟಿಗೂ ತ್ರ್ಯಂಬಕೇಶ್ವರಕ್ಕೂ ಕರೆದೊಯ್ಯುವ ಕೆಲಸ, ಇಷ್ಟರ ನಡುವೆ ಗುಡ್ಡ ಹತ್ತುವವರು ಯಾರು? ಚಿಕ್ಕಂದಿನಲ್ಲಿ ಬಾದಾಮಿಯ ಬಂಡೆಗಳ ಸಂದಿಯಲ್ಲಿ ಕೋತಿಗಳಿಗೆ ಸರಿಸಮನಾಗಿ ಓಡಾಡಿದವರು, ಕಾಲೇಜಿನಲ್ಲಿದ್ದಾಗ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ನಿಂತು ಕೂಗು ಹಾಕಿದವರು ನಾವೇ ಎಂದರೆ ನಮ್ಮ ಮಕ್ಕಳು ಈಗ ನಗುತ್ತಾರೆ.

ನಾವು ಎಂದರೆ ನಾಲ್ವರು, ಎರಡು ಮನೆಯ ಗಂಡಹೆಂಡಿರು. ವಯಸ್ಸು 61ರಿಂದ 67. ಒಬ್ಬರಿಗೆ ರಕ್ತದೊತ್ತಡ, ಒಬ್ಬರಿಗೆ ಸಕ್ಕರೆ, ಒಬ್ಬರಿಗೆ ಮೊಣಕಾಲು; ನಮ್ಮ ಗದುಗಿನ ಮಿತ್ರರಿಗಂತೂ ಹೃದಯದ ನಾಳದಲ್ಲಿ ಒಂದು ಸ್ಟೆಂಟ್. ಒಟ್ಟಿನಲ್ಲಿ ಒಂದು ಔಷಧದ ಅಂಗಡಿಗೆ ಸಾಕಾಗುವಷ್ಟು ಸಾಮಗ್ರಿ ನಮ್ಮಲ್ಲಿಯೇ ಇತ್ತು.

ಇಂಥವರನ್ನು ಎಬ್ಬಿಸಿದ್ದು ಒಂದು ಸಣ್ಣ ಚಲಚ್ಚಿತ್ರ. 2022ರಲ್ಲಿ ಬೆಂಗಳೂರಿನ 62 ವರ್ಷದ ಮಹಿಳೆಯೊಬ್ಬರು, ಸಂಸಾರದ ಹೊಣೆಯೆಲ್ಲ ತೀರಿದ ಮೇಲೆ, ಕೇರಳ-ತಮಿಳುನಾಡಿನ ಗಡಿಯಲ್ಲಿರುವ 1868 ಮೀಟರ್ ಎತ್ತರದ ಅಗಸ್ತ್ಯಕೂಟವನ್ನು ಸೀರೆಯುಟ್ಟೇ ಹತ್ತಿದರು. ಹಗ್ಗ ಹಿಡಿದು ಅವರು ಬಂಡೆಯನ್ನೇರುವ ಚಿತ್ರವನ್ನು ಆಗ ದೇಶವೆಲ್ಲ ನೋಡಿತು. ನಮ್ಮ ಗದುಗಿನ ವೈನಿಯವರು ಅದನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸಿ, “ನೋಡ್ರಿ, ಆಕಿ ಸೀರಿ ಉಟಗೊಂಡು ಹಗ್ಗಾ ಹಿಡಕೊಂಡು ಏರಲಿಕತ್ತಾಳ. ನಮಗ ಗಚ್ಚಿ ಏರಲಿಕ್ಕೂ ಲಿಫ್ಟ್ ಬೇಕು” ಎಂದರು. ಗಂಡಸರಿಗೆ ಈ ಮಾತು ತಾಗಿತು. ತಾಗಬೇಕೆಂದೇ ಆಡಿದ ಮಾತು ಅದು.

ಊರಂಚಿನ ಪಾಂಡವಲೇಣಿಯಿಂದ ಆರಂಭಿಸಿದೆವು. ತ್ರಿರಶ್ಮಿ ಎಂಬ ಆ ಗುಡ್ಡಕ್ಕೆ ಸುಮಾರು ಇನ್ನೂರು ಮೆಟ್ಟಿಲು. ಮೇಲೆ ಬೌದ್ಧ ಗುಹೆಗಳು 24. ಮೂರನೆಯ ಗುಹೆಯಲ್ಲಿ ಗೌತಮೀಪುತ್ರ ಶಾತಕರ್ಣಿಯ ತಾಯಿ ಗೌತಮಿ ಬಲಶ್ರೀಯ ಶಾಸನವಿದೆ. ಮಗನ ಪ್ರತಾಪವನ್ನು ಹೇಳಿಕೊಂಡು, ಮೊಮ್ಮಗನ ಆಳಿಕೆಯಲ್ಲಿ ಆಕೆ ಈ ಗುಹೆಯನ್ನು ದಾನ ಕೊಟ್ಟಳು. ಎಂದರೆ ಈ ಗುಡ್ಡದ ದೊಡ್ಡ ಹೆಸರು ಒಬ್ಬ ಅಜ್ಜಿಯದು. ವೈನಿಯವರಿಗೆ ಈ ಸಂಗತಿ ಬಹಳ ಹಿಡಿಸಿತು. ಆಕೆ ಹತ್ತಿ ಬಂದಳೋ ಪಲ್ಲಕ್ಕಿಯಲ್ಲಿ ಬಂದಳೋ ಎಂಬುದನ್ನು ಮಾತ್ರ ಶಾಸನ ಹೇಳುವುದಿಲ್ಲ.

ಒಂದು ತಿಂಗಳು ಅಲ್ಲಿ ಹತ್ತಿ ಇಳಿದದ್ದಕ್ಕೇ ನಮಗೆ ಮದ ಬಂತು. ಅಕ್ಟೋಬರದ ಒಂದು ಭಾನುವಾರ, ರಜಕ್ಕೆ ಬಂದ ಮೊಮ್ಮಗನನ್ನೂ ಕಟ್ಟಿಕೊಂಡು, ಅಂಜನೇರಿಗೆ ಹೊರಟೆವು. ನಾಶಿಕದಿಂದ ತ್ರ್ಯಂಬಕದ ದಾರಿಯಲ್ಲಿ ಸುಮಾರು 20 ಕಿಲೋಮೀಟರ್. ಹನುಮಂತ ಹುಟ್ಟಿದ್ದು ಇಲ್ಲಿ ಎಂದು ಇಲ್ಲಿಯವರ ನಂಬಿಕೆ. ನಮ್ಮ ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಳಿ 575 ಮೆಟ್ಟಿಲಿನ ಅಂಜನಾದ್ರಿ ಇರುವಾಗ ಇದೇನು ಮಾತು ಎಂದು ಕನ್ನಡಿಗರು ಕೇಳುವುದು ಸಹಜವೇ. ತಿರುಮಲದವರದೂ ಒಂದು ಹಕ್ಕುಂಟು. 2022ರಲ್ಲಿ ನಾಶಿಕದಲ್ಲಿಯೇ ಸಾಧುಗಳ ಸಭೆ ಸೇರಿ ಈ ವಾದ ಕಾವೇರಿತ್ತು. ಕರ್ನಾಟಕದಲ್ಲಿ ಹುಟ್ಟಿ ನಾಶಿಕದ ಅನ್ನ ತಿನ್ನುವ ನಾವು ಯಾರ ಕಡೆಗೂ ಸಾಕ್ಷಿ ನುಡಿಯದಿರುವುದೇ ಲೇಸು.

ಆ ದಿನ ನಾವು ಮಾಡಿದ ತಪ್ಪುಗಳನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಮನೆ ಬಿಟ್ಟದ್ದೇ ಒಂಬತ್ತಕ್ಕೆ. ದಾರಿಯಲ್ಲಿ ಮೂತ್ರಕ್ಕೆ ಜಾಗ ಸಿಗಲಿಕ್ಕಿಲ್ಲವೆಂದು ಯಾರೂ ನೀರು ಕುಡಿದಿರಲಿಲ್ಲ, ಚಹ ಮಾತ್ರ. ಮೊಮ್ಮಗ ಜಿಂಕೆಯಂತೆ ಜಿಗಿದ, ಅವನ ಹಿಂದೆ ನಾವು. ಬಂಡೆಯ ಸಂದಿಯಲ್ಲಿ ಕಡಿದ ಮೆಟ್ಟಿಲುಗಳ ಅರ್ಧಕ್ಕೆ ಬರುವಷ್ಟರಲ್ಲಿ ಗದುಗಿನ ಮಿತ್ರರ ಮುಖ ಬಿಳಿಚಿತು, ಮೈಯೆಲ್ಲ ಬೆವರು, ಗೋಡೆಗೆ ಆತು ಕುಳಿತುಬಿಟ್ಟರು. ನಮ್ಮ ಕೈಕಾಲು ಆಡಲಿಲ್ಲ. ಲಿಂಬು ಸರಬತ್ತು ಮಾರಲು ಮೇಲೆ ಹೊರಟಿದ್ದ ಹಳ್ಳಿಯ ಹೆಂಗಸೊಬ್ಬಳು ತಲೆಯ ಮೇಲಿನ ಕೊಡವನ್ನಿಳಿಸಿ, “ಬಸಾ ಕಾಕಾ, ಘಾಯಿ ಕಸಲೀ?” ಎಂದು ಉಪ್ಪು ಸಕ್ಕರೆ ಬೆರಸಿದ ನೀರನ್ನು ಮೆಲ್ಲಗೆ ಕುಡಿಸಿದಳು. ಅರ್ಧ ಗಂಟೆಯ ಮೇಲೆ ಬಣ್ಣ ಮರಳಿತು. ದುಡ್ಡು ಕೊಟ್ಟರೆ ಎರಡು ಲೋಟದ್ದು ಮಾತ್ರ ತೆಗೆದುಕೊಂಡಳು. ನಾವು ಬಂದ ದಾರಿ ಹಿಡಿದೆವು.

ಪುಣೆಯಿಂದ ಮಗನ ಫೋನು ಬಂದದ್ದು ಅಂದು ರಾತ್ರಿಯೇ: “ಇನ್ನ ಗುಡ್ಡಗಿಡ್ಡ ಸಾಕು, ಅಪ್ಪಾ.” ಹದಿನೈದು ದಿನ ಯಾರೂ ಆ ಮಾತೆತ್ತಲಿಲ್ಲ. ಒಂದು ಸಂಜೆ ಗದುಗಿನ ಮಿತ್ರರೇ ಬಾಯಿಬಿಟ್ಟರು. “ಅವತ್ತ ನನಗ ಎದಿನೋವ ಬಂದಿರಲಿಲ್ಲ. ಹೆದರಿಕಿ ಬಂದಿತ್ತು. ಸ್ಟೆಂಟ್ ಹಾಕಿದಾಗಿಂದ ಐತಿ ಅದು. ಸಂತಿಗೆ ಹೋದರೂ ಕಿಸೆದಾಗಿನ ಮಾತ್ರಿ ಮುಟ್ಟಿ ಮುಟ್ಟಿ ನೋಡತೀನಿ. ಮನ್ಯಾಗ ಕೂತರ ಹೋಗತೈತೇನು?” ಮೂರು ವರ್ಷದಿಂದ ಈ ಮಾತು ವೈನಿಯವರಿಗೂ ಗೊತ್ತಿರಲಿಲ್ಲ. ಅವರು ಏನೂ ಅನ್ನದೆ ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಚಹ ತಂದರು. ಚಹಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದರು.

ಮರುವಾರವೇ ಹೃದಯದ ವೈದ್ಯರಲ್ಲಿಗೆ ಹೋದೆವು. ಇದನ್ನು ಮೊದಲೇ ಮಾಡಬೇಕಾಗಿತ್ತು. ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯದ ಗತಿ ನೋಡಿದರು. ಹತ್ತಬಹುದು, ಆದರೆ ನಡೆಯುತ್ತಲೇ ಒಂದು ವಾಕ್ಯ ಪೂರ್ತಿ ಆಡುವಷ್ಟು ಉಸಿರಿರಬೇಕು. ಎದೆ, ದವಡೆ, ಎಡತೋಳು ಎಲ್ಲಿಯಾದರೂ ಬಿಗಿತ ಕಂಡರೆ ನಿಲ್ಲಬೇಕು, ಬಿಗಿತ ಸಡಿಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಮಾತ್ರೆ ಕಿಸೆಯಲ್ಲಿಯೇ ಇರಲಿ, ಎಂದರು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂಕಾಗುತ್ತದೆ, ಆದ್ದರಿಂದ ನೀರಡಿಕೆಯಾಗುವವರೆಗೆ ಕಾಯಬೇಡಿ ಎಂದದ್ದು ನಾಲ್ವರಿಗೂ ಹೊಸ ಮಾತು.

ಇನ್ನು ಮೊಣಕಾಲು. ಗುಡ್ಡ ಹತ್ತುವುದು ಉಸಿರಿನ ಕೆಲಸ, ಇಳಿಯುವುದು ಮೊಣಕಾಲಿನ ಕೆಲಸ. ಮೆಟ್ಟಿಲಿಳಿಯುವಾಗ ಅದರ ಮೇಲೆ ಮೈತೂಕದ ಮೂರು ಪಟ್ಟಿಗೂ ಮಿಕ್ಕಿ ಭಾರ ಬೀಳುತ್ತದೆ. ಆ ಭಾರವನ್ನು ತಡೆಯತಕ್ಕವು ತೊಡೆಯ ಮುಂಭಾಗದ ಸ್ನಾಯುಗಳು. ವಯಸ್ಸಿನೊಡನೆ ಕರಗುತ್ತ ಬರುವವೂ ಅವೇ. ಹಾಗೆಂದು ಕರಗಿದ್ದು ಮತ್ತೆ ಬೆಳೆಯುವುದೇ ಇಲ್ಲವೆಂದಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ದಿನಕ್ಕೆ ಮೂವತ್ತು ಸಲ. ನಮ್ಮ ಮನೆಗಳಲ್ಲಿ ಆ ಮೂರು ತಿಂಗಳು ಟೀವಿಯ ಧಾರಾವಾಹಿ ನಡೆಯುವಾಗೆಲ್ಲ ನಾಲ್ವರೂ ಎದ್ದು ಕೂತು ಮಾಡುತ್ತಿದ್ದೆವು. ನೋಡಿದ ಕೆಲಸದಾಕೆ ಇದು ಯಾವ ದೇವರ ಸೇವೆ ಎಂದು ಕೇಳಿದಳು. ಜತೆಗೆ ಎರಡೆರಡು ಕೋಲು ಕೊಂಡೆವು. ಇಳಿಯುವಾಗ ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ ಆಮೇಲೆ ಕಾಲಿಟ್ಟರೆ ಭಾರದಲ್ಲಿ ಒಂದು ಪಾಲು ತೋಳಿಗೆ ಹೋಗುತ್ತದೆ.

ಡಿಸೆಂಬರದಲ್ಲಿ ಪರೀಕ್ಷೆಗೆಂದು ದೇವಗಿರಿಗೆ ಹೋದೆವು. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೊಸ ಹೆಸರು ಪಡೆದ ಔರಂಗಾಬಾದಿನ ಕನ್ನಡ ಬಂಧುಗಳು ಖಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಜತೆಗೂಡಿದರು. ಊರಿನಿಂದ 15 ಕಿಲೋಮೀಟರ್. ಸುಮಾರು 200 ಮೀಟರ್ ಎತ್ತರದ ಒಂಟಿ ಗುಡ್ಡ; ಬುಡವನ್ನು ಸುತ್ತಲೂ ಗೋಡೆಯಂತೆ ಕಡಿದು, ಕೆಳಗೆ ಕಂದಕ ತೋಡಿದ್ದಾರೆ. ಐದನೆಯ ಭಿಲ್ಲಮ ಹನ್ನೆರಡನೆಯ ಶತಮಾನದ ಕೊನೆಗೆ ಇಲ್ಲಿ ರಾಜಧಾನಿ ಮಾಡಿದ. ಆ ಸೇವುಣರ ಶಾಸನಗಳಲ್ಲಿ ಎಷ್ಟೋ ಕನ್ನಡದಲ್ಲಿವೆ. ಇನ್ನಷ್ಟು ಮುಂದೆ ಹೋದರೆ ಎಲ್ಲೋರದ ಕೈಲಾಸ, ನಮ್ಮ ರಾಷ್ಟ್ರಕೂಟ ಕೃಷ್ಣನ ಕಾಲದ್ದು. ಹೊರನಾಡು, ಹೊರನಾಡು ಎಂದು ನಾವು ಹೇಳಿಕೊಳ್ಳುವ ಈ ನೆಲದಲ್ಲಿ ಕನ್ನಡ ನಮಗಿಂತ ಎಷ್ಟೋ ಮುಂಚೆ ಬಂದು ಮನೆ ಮಾಡಿತ್ತು. ಆದರೆ ಅಂದು ನಮಗೆ ಇತಿಹಾಸಕ್ಕಿಂತ ಮೆಟ್ಟಿಲ ಚಿಂತೆಯೇ ಹೆಚ್ಚು. ‘ಅಂಧೇರಿ’ ಎಂಬ ಕತ್ತಲ ಸುರಂಗದಲ್ಲಿ ಬಾವಲಿಯ ವಾಸನೆ ಮೂಗಿಗೆ ಹೊಡೆಯುತ್ತಿರುವಾಗ ಗದುಗಿನ ಮಿತ್ರರು ನಿಂತುಬಿಟ್ಟರು. ನಾವು ಗಾಬರಿಯಾದೆವು. “ಏನಿಲ್ಲ, ವಾಕ್ಯ ಪೂರ್ತಿ ಆಗತೈತೋ ಇಲ್ಲೋ ನೋಡಲಿಕತ್ತೀನಿ” ಎಂದು ಕತ್ತಲೆಯಿಂದ ಉತ್ತರ ಬಂತು.

ಫೆಬ್ರವರಿಯಲ್ಲಿ ಮತ್ತೆ ಅಂಜನೇರಿ. ಈ ಸಲ ಬೆಳಗಿನ ಆರಕ್ಕೇ ಮೆಟ್ಟಿಲ ಬುಡದಲ್ಲಿದ್ದೆವು. ತಲೆಗೆರಡು ಲೀಟರ್ ನೀರು, ಬೆಲ್ಲದ ಶೇಂಗಾ ಉಂಡಿ, ಹಿಂದಿನ ಸಲದ ಭಯ. ಮಿತ್ರರು ಕುಳಿತ ಜಾಗ ಬಂದಾಗ ಎಲ್ಲರೂ ಮಾತು ನಿಲ್ಲಿಸಿದೆವು. ಅವರು ಅಲ್ಲಿಯೇ ಎರಡು ಗುಟುಕು ನೀರು ಕುಡಿದು, ಗೋಡೆಯನ್ನೊಮ್ಮೆ ಕೈಯಿಂದ ಮುಟ್ಟಿ, ಮುಂದೆ ನಡೆದರು. ಎಂಟಕ್ಕೆ ಬಯಲು ಸಿಕ್ಕಿತು: ಹಳದಿಗಟ್ಟಿದ ಹುಲ್ಲು, ಅಂಜನಿಮಾತೆಯ ಗುಡಿ, ಪಾದದಾಕಾರದ ಕೆರೆ. ಮಳೆಗಾಲದಲ್ಲಿ ಇದೇ ಬೆಟ್ಟದಲ್ಲಿ ಇದರ ಹೆಸರನ್ನೇ ಹೊತ್ತ ‘ಸೆರೋಪೀಜಿಯಾ ಅಂಜನೇರಿಕಾ’ ಎಂಬ ಅಪೂರ್ವ ಗಿಡ ಹೂಬಿಡುತ್ತದೆ. ನಾವು ಹೋದಾಗ ಅದು ನೆಲದೊಳಗೆ ಗೆಡ್ಡೆಯಾಗಿ ಮಲಗಿತ್ತು.

ಕೆರೆಯಿಂದ ಮುಂದೆ ಇನ್ನೊಂದು ಏರು ಉಂಟು. ಅಲ್ಲಿ ನಿಂತದ್ದು ಗದುಗಿನವರಲ್ಲ. ನಮ್ಮೊಳಗೆ ಎಲ್ಲರಿಗಿಂತ ಗಟ್ಟಿಗರೆಂದು ದಾರಿಯುದ್ದಕ್ಕೂ ಉಪದೇಶ ಮಾಡುತ್ತ ಬಂದ ಮೊಣಕಾಲಿನವರು, “ಹತ್ತೇನು, ಹತ್ತೇನಿ, ಇಳಿಯೂದು ಆಗೂದಿಲ್ಲ” ಎಂದು ಕೆರೆಯ ದಂಡೆಯ ಮೇಲೆ ಕುಳಿತುಬಿಟ್ಟರು. ಒತ್ತಾಯ ಮಾಡುವುದಿಲ್ಲವೆಂದು ಮೊದಲೇ ಮಾತಾಗಿತ್ತು. ಆದರೂ ಹಾಗೆ ಬಿಟ್ಟುಹೋಗುವುದು ಕಷ್ಟವೆನಿಸಿತು. ಚೀಲಗಳನ್ನು ಅವರ ವಶಕ್ಕೆ ಕೊಟ್ಟು ಉಳಿದ ಮೂವರು ಏರಿದೆವು. ಮೇಲಿನ ಗುಡಿಯ ಮುಂದೆ ವೈನಿಯವರು ಗಂಡನ ಕಿಸೆಗೆ ಕೈಹಾಕಿ ಮಾತ್ರೆಯ ಡಬ್ಬಿ ತೆಗೆದು ತಮ್ಮ ಚೀಲದಲ್ಲಿ ಇಟ್ಟುಕೊಂಡರು. “ಇನ್ನ ಮ್ಯಾಲೆ ನಾ ಹಿಡಕೋತೀನಿ.” ಅವರು ಬೇಡವೆನ್ನಲಿಲ್ಲ.

ಕೆಳಗೆ ಬಂದು ನೋಡುತ್ತೇವೆ, ನಮ್ಮ ಕಾವಲುಗಾರರು ಕೋಲು ಬೀಸುತ್ತ ನಿಂತಿದ್ದಾರೆ, ಎದುರಿಗೆ ಬಂಡೆಯ ಮೇಲೆ ಐದಾರು ಕೋತಿಗಳು ಶೇಂಗಾ ಉಂಡಿಯ ಡಬ್ಬಿಯನ್ನು ಮಧ್ಯದಲ್ಲಿಟ್ಟುಕೊಂಡು ಪಂಕ್ತಿ ಕುಳಿತಿವೆ. ಹನುಮಂತ ಇಲ್ಲಿಯೇ ಹುಟ್ಟಿದ್ದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡವೆಂದು ಅವರು ಸಿಟ್ಟಿನಿಂದ ಹೇಳಿದರು.

ಮುಂದಿನದು ವಣಿಯ ಸಪ್ತಶೃಂಗಿ. ಅಲ್ಲಿ 2018ರಿಂದ ಹಳಿಯ ಮೇಲೆ ಜಾರುವ ಟ್ರಾಲಿ ಇದೆ. ಮೆಟ್ಟಿಲು ಹತ್ತಿ ದೇವಿಯ ದರ್ಶನ ಮಾಡಿ, ಮೊಣಕಾಲು ಉಳಿಸಿಕೊಂಡು ಟ್ರಾಲಿಯಲ್ಲಿ ಇಳಿಯಬಹುದು. ಮೊಣಕಾಲಿನವರು ಆಗಲೇ ಒಪ್ಪಿದ್ದಾರೆ. ಉಂಡಿಯ ಡಬ್ಬಿ ಮಾತ್ರ ಬೇರೆಯವರು ಹೊರಬೇಕಂತೆ.