ಹಬ್ಬದ ಸದ್ದು, ಕೂಸಿನ ಕಿವಿ

ಹಮಾಮತ್ಸು ಎಂದರೆ ನಾದದ ಊರು. ಯಾಮಾಹಾ, ಕಾವಾಯ್ ಮುಂತಾದ ವಾದ್ಯ ಕಂಪನಿಗಳ ಕೇಂದ್ರ ಇಲ್ಲೇ. 1995ರಲ್ಲಿ ತೆರೆದ ವಾದ್ಯಗಳ ವಸ್ತುಸಂಗ್ರಹಾಲಯವೂ ಇಲ್ಲೇ. ಆದರೆ ಮೇ 3ರಿಂದ 5ರವರೆಗೆ ನಡೆಯುವ ಹಮಾಮತ್ಸು ಮತ್ಸುರಿ ನೋಡಿದವರಿಗೆ ಈ ಊರಿನ ಗದ್ದಲವೂ ಗೊತ್ತು! ಹಗಲು ನಕಾತಾಜಿಮಾ ಮರಳದಿಬ್ಬಗಳ ಬಳಿ ಚೊಚ್ಚಲ ಮಗುವಿನ ಹೆಸರು ಬರೆದ ದೊಡ್ಡ ಗಾಳಿಪಟ ಹಾರಿಸುತ್ತಾರೆ. ರಾತ್ರಿ ಓಣಿಯವರೆಲ್ಲ ಆ ಮಗುವಿನ ಮನೆಗೆ ಬಂದು, ತುತ್ತೂರಿ, ಸೀಟಿ ಊದುತ್ತ ಸುತ್ತುಗಟ್ಟಿ ಕುಣಿಯುತ್ತಾರೆ. ನಮ್ಮ ನಾಮಕರಣ, ಡೊಳ್ಳುಕುಣಿತ, ತೇರು ಮೂರೂ ಕೂಡಿ ಬಂದ ಹಾಗೆ. ಸಂಭ್ರಮವೇನೋ ಸರಿಯೇ, ಆದರೆ ನಡುವೆ ತಾಯಿಯ ತೋಳಿನಲ್ಲಿರುವ ಕೂಸಿನ ಕಿವಿಯ ಗತಿಯೇನು?

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿಯೊಂದಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳು. ಜೋರಾದ ಸದ್ದು ಇವುಗಳ ರೋಮಗಳನ್ನು ಬಿರುಗಾಳಿಗೆ ಸಿಕ್ಕ ಭತ್ತದ ಪೈರಿನಂತೆ ಮಲಗಿಸಿಬಿಡುತ್ತದೆ. ಕೆಲವು ಚೇತರಿಸಿಕೊಳ್ಳುತ್ತವೆ, ಕೆಲವು ಸಾಯುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ ಆಸುಪಾಸಿನ ಧ್ವನಿಗಳಿಗೆ. ಸ, ಶ, ತ, ಚ ಮುಂತಾದ ವ್ಯಂಜನಗಳ ಗುರುತು ಸಿಗುವುದು ಹೆಚ್ಚಾಗಿ ಇಂಥ ಎತ್ತರದ ಧ್ವನಿಗಳಲ್ಲೇ. ಹೀಗಾಗಿ 'ಸಾಲು' ಎಂದದ್ದು 'ಹಾಲು' ಎಂದು ಕೇಳಬಹುದು. ಮಾತು ಕಿವಿಗೆ ಬೀಳುತ್ತದೆ, ಏನೆಂದರು ತಿಳಿಯುವುದಿಲ್ಲ. ಶಾಲೆಯಲ್ಲಿ ಜಪಾನಿ, ಮನೆಯಲ್ಲಷ್ಟೇ ಕನ್ನಡ ಕೇಳುವ ನಮ್ಮ ಮಕ್ಕಳಿಗೆ ಇದು ಸಣ್ಣ ನಷ್ಟವೇ? ಊರಿನಿಂದ ಅಜ್ಜಿ ಫೋನಿನಲ್ಲಿ ಹೇಳುವ ಕತೆ ಅರ್ಧವೇ ಮುಟ್ಟಿದರೆ, ನಾವು "ಮಗುವಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲ" ಎಂದುಬಿಡುತ್ತೇವೆ.

ಲೆಕ್ಕ ಸರಳ. ದುಡಿಯುವ ವಯಸ್ಕರಿಗೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಕೂಸಿಗೆ ಇಷ್ಟೂ ಸಲ್ಲದು. ಇಯರ್‌ಫೋನಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿ ವಾರಕ್ಕೆ 40 ಗಂಟೆ, ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75. ಅಳೆಯುವ ಉಪಕರಣವಿಲ್ಲವೇ? ತೋಳಳತೆಯಲ್ಲಿರುವವರೊಡನೆ ಕೂಗಿ ಮಾತಾಡಬೇಕಾದರೆ ಆ ಜಾಗ ಕಿವಿಗೆ ಒಳ್ಳೆಯದಲ್ಲ ಎಂದೇ ತಿಳಿಯಿರಿ.

ಮತ್ಸುರಿಗೆ ಹೋಗಬೇಡಿ ಎನ್ನುವ ವೈದ್ಯ ನಾನಲ್ಲ. ಕೂಸಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ, ತುತ್ತೂರಿಗಳಿಂದ ದೂರ ನಿಲ್ಲಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ದೊಡ್ಡವರಿಗೆ ಔಷಧಿ ಅಂಗಡಿಯಲ್ಲಿ 'ಮಿಮಿಸೆನ್' ಕೇಳಿದರೆ ಇಯರ್‌ಪ್ಲಗ್ ಕೊಡುತ್ತಾರೆ. ಸ್ಪಂಜಿನದಾದರೆ ಹೊಸೆದು ತೆಳುವಾಗಿಸಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಅರಳುವವರೆಗೆ ಬೆರಳಿನಿಂದ ಒತ್ತಿ ಹಿಡಿಯಿರಿ. ಹತ್ತಿ ತುರುಕುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಬಿಸಿ ಎಣ್ಣೆಯಂತೂ ಬೇಡವೇ ಬೇಡ. ನಮ್ಮ ರಾಜ್ಯೋತ್ಸವದ ಸಭಾಂಗಣದಲ್ಲೂ ಮಕ್ಕಳ ಜಮಖಾನೆಯನ್ನು ಸ್ಪೀಕರಿನ ಮುಂದೆಯೇ ಹಾಸುವ ಪದ್ಧತಿ ಬಿಡೋಣ.

ಗದ್ದಲದ ಮರುದಿನವೂ ಕಿವಿ ಗುಂಯ್ ಎನ್ನುತ್ತಿದ್ದರೆ ಪರೀಕ್ಷೆ ಮಾಡಿಸಿ. ಒಂದು ಕಿವಿ ಥಟ್ಟನೆ ಮಂದವಾದರಂತೂ ವಾರಾಂತ್ಯ ಕಳೆಯಲಿ ಎಂದು ಕಾಯಬೇಡಿ. ಚಿಕಿತ್ಸೆ ಬೇಗ ಶುರುವಾದಷ್ಟೂ ಕೇಳ್ಮೆ ಮರಳುವ ಸಾಧ್ಯತೆ ಹೆಚ್ಚು. ಆಸ್ಪತ್ರೆಯಲ್ಲಿ ಕೇಳಬೇಕಾದ ವಿಭಾಗದ ಹೆಸರು 'ಜಿಬಿಇನ್‌ಕೋಕಾ'.